ಯಾರ ಕಣ್ಣಿಗೂ ಬೀಳದ ಸ್ಫೋಟ

1680ರ ಆಸುಪಾಸು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದ ಕಾಲ. ಕ್ಯಾಸಿಯೋಪಿಯಾ ನಕ್ಷತ್ರಪುಂಜದ ದಿಕ್ಕಿನಲ್ಲಿ ಸಿಡಿದ ಭಾರೀ ನಕ್ಷತ್ರವೊಂದರ ಬೆಳಕು ಆಗ ಭೂಮಿಯನ್ನು ಮುಟ್ಟಿತು. ಯುರೋಪಿನಲ್ಲಿ ದೂರದರ್ಶಕ ಬಂದು ಎಪ್ಪತ್ತು ವರ್ಷಗಳಾಗಿದ್ದವು. ಆದರೂ ‘ಇಂಥ ದಿನ ಹೊಸ ಚುಕ್ಕೆ ಕಂಡೆವು’ ಎಂದು ಖಚಿತವಾಗಿ ಬರೆದಿಟ್ಟವರಿಲ್ಲ. ನಡುವೆ ಕವಿದಿದ್ದ ದೂಳು ಬೆಳಕನ್ನು ನುಂಗಿಬಿಟ್ಟಿತ್ತು.

ಅದೇ ದೂಳು ರೇಡಿಯೊ ಅಲೆಗಳನ್ನು ತಡೆಯಲಾರದು. 1948ರಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ರೈಲ್ ಮತ್ತು ಫ್ರಾನ್ಸಿಸ್ ಗ್ರಹಾಂ ಸ್ಮಿತ್ ಆ ದಿಕ್ಕಿನಲ್ಲಿ ಅತಿ ಪ್ರಖರವಾದ ರೇಡಿಯೊ ಮೂಲವೊಂದನ್ನು ಗುರುತಿಸಿದರು. ಪಾಲೊಮಾರ್‌ನ ದೊಡ್ಡ ದೂರದರ್ಶಕ ಅಲ್ಲಿಗೆ ತಿರುಗಿದಾಗ ಸಿಕ್ಕಿದ್ದು ಮಸುಕಾದ ಎಳೆಗಳಷ್ಟೆ. ಈ ಮೂಲಕ್ಕೆ ಈಗ ಕ್ಯಾಸಿಯೋಪಿಯಾ-ಎ ಎಂದು ಹೆಸರು; ದೂರ ಸುಮಾರು 11,000 ಜ್ಯೋತಿರ್ವರ್ಷ.

ಈ ಅಲೆಗಳು ಕಾವಿನಿಂದ ಹುಟ್ಟಿದವಲ್ಲ. ಸಿಡಿದ ವಸ್ತು ಸೆಕೆಂಡಿಗೆ ಸುಮಾರು 5,000 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತ ಸುತ್ತಲಿನ ತೆಳು ಅನಿಲಕ್ಕೆ ಬಡಿಯುತ್ತದೆ. ಅಲ್ಲೊಂದು ಆಘಾತದ ಅಲೆ ಏಳುತ್ತದೆ. ಒಂದಕ್ಕೊಂದು ಹತ್ತಿರವಾಗುತ್ತಿರುವ ಎರಡು ಗೋಡೆಗಳ ನಡುವೆ ಪುಟಿಯುವ ಚೆಂಡಿನಂತೆ ಎಲೆಕ್ಟ್ರಾನುಗಳು ಆ ಅಲೆಯನ್ನು ಅತ್ತಿತ್ತ ದಾಟುತ್ತ, ಪ್ರತಿ ಸಲವೂ ಚೈತನ್ಯ ಗಳಿಸುತ್ತ, ಬೆಳಕಿನ ವೇಗಕ್ಕೆ ಸಮೀಪಿಸುತ್ತವೆ. ಆಮೇಲೆ ಕಾಂತಕ್ಷೇತ್ರದ ಸುತ್ತ ಸುರುಳಿ ಸುತ್ತುತ್ತ ರೇಡಿಯೊ ಅಲೆಗಳನ್ನು ಸೂಸುತ್ತವೆ. ಇದೇ ಸಿಂಕ್ರೊಟ್ರಾನ್ ವಿಕಿರಣ. ಮೋಡ ಹಿಗ್ಗಿದಷ್ಟೂ ಇದು ಕುಂದಬೇಕೆಂದು ರಷ್ಯದ ಶ್ಕ್ಲೋವ್‌ಸ್ಕಿ 1960ರಲ್ಲೇ ಲೆಕ್ಕ ಹಾಕಿದ್ದರು. ಹಾಗೆಯೇ ಆಗುತ್ತಿದೆ: ವರ್ಷಕ್ಕೆ ಶೇಕಡ 1ಕ್ಕಿಂತ ತುಸು ಕಡಿಮೆ.

ರೇಡಿಯೊ ಚಿತ್ರದಲ್ಲಿ ಕ್ಯಾಸಿಯೋಪಿಯಾ-ಎ ಬಳೆಯ ಹಾಗೆ ಕಾಣುತ್ತದೆ. ನಿಜಕ್ಕೂ ಅದೊಂದು ಪೊಳ್ಳು ಚಿಪ್ಪು. ಸೋಪಿನ ಗುಳ್ಳೆಯ ಅಂಚು ಗಾಢವಾಗಿ, ನಡುವೆ ತೆಳ್ಳಗೆ ಕಾಣುವುದಿಲ್ಲವೆ, ಇದೂ ಹಾಗೆಯೇ. ವೃಷಭ ರಾಶಿಯ ಏಡಿ ನೀಹಾರಿಕೆಗೆ ಇಂಥ ಬಳೆಯಿಲ್ಲ. 1054ರಲ್ಲಿ ಚೀನೀಯರು ಕಂಡು ಬರೆದಿಟ್ಟ ಸ್ಫೋಟದ ಉಳಿಕೆ ಅದು. ಅದರ ನಡುವೆಯೇ ಹೊಳಪು ಹೆಚ್ಚು. ಸೆಕೆಂಡಿಗೆ 30 ಸಲ ಗಿರಕಿ ಹೊಡೆಯುವ ನ್ಯೂಟ್ರಾನ್ ನಕ್ಷತ್ರ ಒಳಗೆ ಕೂತು ಇಂದಿಗೂ ಎಲೆಕ್ಟ್ರಾನುಗಳನ್ನು ಉಣಿಸುತ್ತಿದೆ. ಆದರೆ ಬಳೆಯನ್ನು ನೋಡಿಯೇ ಸಾವಿನ ಬಗೆ ಹೇಳಲಾಗದು. ಟೈಕೊ ಬ್ರಾಹೆ 1572ರಲ್ಲಿ ಕಂಡ ಸೂಪರ್‌ನೋವಾದ ಅವಶೇಷವೂ ಚಿಪ್ಪೇ. ಅಲ್ಲಿ ಸಿಡಿದದ್ದು ಮಾತ್ರ ಭಾರೀ ನಕ್ಷತ್ರವಲ್ಲ, ಶ್ವೇತಕುಬ್ಜ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಬಳೆಯ ಒಳಗಿನ ನೆರಳು. ಘಾಟಿ ರಸ್ತೆಯಲ್ಲಿ ಮುಂದಿನ ಲಾರಿ ಬ್ರೇಕ್ ಹಾಕಿದರೆ ಆ ತಡೆ ಸಾಲಿನುದ್ದಕ್ಕೂ ಹಿಂದಕ್ಕೆ ಹಬ್ಬುತ್ತದೆ. ಚಿಪ್ಪಿನಲ್ಲೂ ಹಾಗೆ ಎರಡನೆಯ ಆಘಾತವೊಂದು ಕೇಂದ್ರದತ್ತ ಸಾಗುತ್ತಿದೆ. ಅದಿನ್ನೂ ಮುಟ್ಟದ ನಕ್ಷತ್ರದ ಒಡಲು ತಣ್ಣಗೇ ಇದೆ. ಗಿಡ್ಡ ಅಲೆಗಳಿಗೆ ಅದು ಅಡ್ಡಿಯಲ್ಲ. ಉದ್ದ ಅಲೆಗಳನ್ನು ಮಾತ್ರ ಹೀರಿಕೊಳ್ಳುತ್ತದೆ. ಅಮೆರಿಕದ ವೆರಿ ಲಾರ್ಜ್ ಅರೇ ದೂರದರ್ಶಕದಲ್ಲಿ 74 ಮೆಗಾಹರ್ಟ್ಸ್ ಆವರ್ತನದಲ್ಲಿ ನೋಡಿದಾಗ ಬಳೆಯ ನಡುಭಾಗ ಇರಬೇಕಾದುದಕ್ಕಿಂತ ಕಪ್ಪಾಗಿತ್ತು. ಮೂರು ಶತಮಾನ ಕಳೆದರೂ ಬಿಸಿಯಾಗದ ಆ ಒಡಲೇ ಹಾಗೆ ನೆರಳು ಚೆಲ್ಲಿತ್ತು.

ಉದ್ದ ಅಲೆಗಳ ಈ ಕೆಲಸ ನಮ್ಮ ಗೌರಿಬಿದನೂರಿಗೂ ಹೊಸದಲ್ಲ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಅಲ್ಲಿ 1,000 ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಆಕಾರದಲ್ಲಿ ನೆಟ್ಟವು. ಆವರ್ತನ 34.5 ಮೆಗಾಹರ್ಟ್ಸ್, ಅಲೆಯ ಉದ್ದ ಸುಮಾರು 9 ಮೀಟರ್. ಅಲೆ ಅಷ್ಟು ಉದ್ದವಾದಾಗ ದೃಷ್ಟಿ ಮಂದ. ಹುಣ್ಣಿಮೆ ಚಂದ್ರನಿಗಿಂತ ಚಿಕ್ಕ ವಿವರ ಆ ಆಂಟೆನಾ ಸಾಲಿಗೆ ಸಿಗುತ್ತಿರಲಿಲ್ಲ. ಕ್ಯಾಸಿಯೋಪಿಯಾ-ಎ ಅದಕ್ಕೆ ಬರೀ ಚುಕ್ಕೆಯಾಗಿತ್ತು. ಆದರೆ ರಾಜಹಂಸ ನಕ್ಷತ್ರಪುಂಜದಲ್ಲಿ ಸಿಗ್ನಸ್ ಲೂಪ್ ಎಂಬ ಮುದಿ ಅವಶೇಷವಿದೆ. ಹತ್ತು ಸಾವಿರ ವರ್ಷ ಹಿಗ್ಗಿ ಹಿಗ್ಗಿ ಅದೀಗ ಆಕಾಶದಲ್ಲಿ ಆರು ಚಂದ್ರರಷ್ಟು ಅಗಲ. 1981ರಲ್ಲಿ ಶಾಸ್ತ್ರಿ, ದ್ವಾರಕಾನಾಥ್ ಮತ್ತು ಶೇವ್‌ಗಾಂವಕರ್ ಅದರ ನಕ್ಷೆಯನ್ನು ಪ್ರಕಟಿಸಿದ್ದು ಇದೇ ತಂತಿಗಳಿಂದ.