ತಮ್ಮ ಗೇಮ್‌ಗೆ ದುಡ್ಡು ಹಾಕ್ಯಾನ? ಮೊದಲು ಗಡಿಯಾರ ನೋಡ್ರಿ

ಗುರುಗುಂಟಾದಿಂದ ಮಾತಾಡ್ಲಿಕ್ಕತ್ತೀನಿ. ಅಪ್ಪನ ಫೋನಿನಲ್ಲಿ ತಮ್ಮ ಗೇಮ್ ಆಡ್ತಾ ಡೈಮಂಡ್ ಕೊಂಡುಬಿಟ್ಟ ಅಂದ್ರೆ ನಮ್ಮ ಕಡೆ ಮೊದಲ ಮಾತು, 'ಲಿಂಗಸುಗೂರಿಗೆ ಹೋಗಿ ಬ್ಯಾಂಕಿನಲ್ಲಿ ಕೇಳೋಣ.' ಎರಡನೇ ಶನಿವಾರದ ಹಿಂದಿನ ರಾತ್ರಿ ದುಡ್ಡು ಹೋದ್ರೆ ಬ್ಯಾಂಕ್ ತೆರೆಯೋದು ಸೋಮವಾರ. ಅಷ್ಟೊತ್ತಿಗೆ 48 ಗಂಟೆ ಮುಗಿದಿರ್ತದ. ಗೂಗಲ್ ಪ್ಲೇಗೆ ನೇರವಾಗಿ ರೀಫಂಡ್ ಕೇಳೋ ಗಡುವು ಅಷ್ಟೇ. ಆಮೇಲೆ ಗೇಮ್ ಕಂಪನಿಯನ್ನೇ ಕೇಳಬೇಕು, ಅವರ ನಿಯಮ ಅವರದು.

ತಮ್ಮನನ್ನ ಬೈಯೋದು ಆಮೇಲೆ. ಖರೀದಿಯಾದ ಅದೇ ಜಿಮೇಲ್ ಖಾತೆಯಿಂದ ಪ್ಲೇ ವೆಬ್‌ಸೈಟಿಗೆ ಹೋಗಿ, ಆರ್ಡರ್ ಹಿಸ್ಟರಿಯಲ್ಲಿ ಆ ಖರೀದಿ ಹುಡುಕಿ, ರೀಫಂಡ್ ಕೇಳ್ರಿ. ಮನೆಯ ಹುಡುಗ ಗೊತ್ತಿಲ್ಲದೆ ಕೊಂಡಾನ ಅಂತ ಇದ್ದದ್ದನ್ನೇ ಹೇಳ್ರಿ. 'ಹ್ಯಾಕ್ ಆಗ್ಯಾದ' ಅನ್ನಬೇಡ್ರಿ. ಅಪ್ಪನೇ ಪಿನ್ ಹೇಳಿಕೊಟ್ಟಿದ್ರೆ ಬ್ಯಾಂಕೂ ಕೈಹಿಡಿಯೋದಿಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಪಿನ್ ಹಂಚಿಕೊಂಡ ಗ್ರಾಹಕನದೇ. ಐಫೋನ್ ಆದ್ರೆ ಆಪಲ್‌ನ 'ರಿಪೋರ್ಟ್ ಎ ಪ್ರಾಬ್ಲಂ' ಪುಟ ಅದ.

ತಪ್ಪೆಲ್ಲ ಹುಡುಗರದೇ ಅಲ್ರಿ. ಹಿಂದೆ ಗೂಗಲ್‌ನಲ್ಲಿ ಒಮ್ಮೆ ಪಾಸ್‌ವರ್ಡ್ ಹಾಕಿದ್ರೆ 30 ನಿಮಿಷ ಮತ್ತೆ ಕೇಳ್ತಿರಲಿಲ್ಲ. 2014ರಲ್ಲಿ ಅಮೆರಿಕದ ಗ್ರಾಹಕರಿಗೆ ಕನಿಷ್ಠ 1.9 ಕೋಟಿ ಡಾಲರ್ ವಾಪಸ್ ಕೊಡೋಕೆ ಕಂಪನಿ ಒಪ್ಪಿತು. ಈಗ ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಇಟ್ಟುಕೊಳ್ಳಬಹುದು. ಇವತ್ತು ರಾತ್ರಿನೇ ಅಪ್ಪನ ಫೋನ್ ಇಸ್ಕೊಂಡು ಮಾಡ್ರಿ.