ಗೆರೆ ಮೂಡಬೇಕು, ಆಮೇಲೆ ಅಳಿಯಲೂಬೇಕು

ರವಿಕೆಯ ತೋಳಿಗೆ ಬೇಕಾದ ನವಿಲು ಮೊಬೈಲಿನಲ್ಲಿ ಸಲೀಸಾಗಿ ಸಿಗುತ್ತದೆ. ಅದನ್ನು ಬಟ್ಟೆಗೆ ಇಳಿಸುವಾಗಲೇ ಕೈ ತಡವರಿಸುವುದು. ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಂಥ ಹೋಬಳಿ ಊರಿನಲ್ಲಿ ಕೂತು ಕಸೂತಿ ಹಾಕುವವರು ಇದಕ್ಕಾಗಿ ತಿಪಟೂರಿನ ಬಸ್ಸು ಹತ್ತಬೇಕಾಗಿಲ್ಲ. ಬಟರ್ ಪೇಪರ್, ಸೂಜಿ, ಬಟ್ಟೆಗೆ ಹಾಕುವ ನೀಲಿ ಇದ್ದರೆ ಅರ್ಧ ಕೆಲಸ ಆದಂತೆ.

ತೆಳು ಬಿಳಿ ಬಟ್ಟೆಗಂತೂ ಅದೂ ಬೇಡ. ಚಿತ್ರವನ್ನು ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಬಟ್ಟೆ ಹಿಡಿದು ಪೆನ್ಸಿಲಿನಲ್ಲಿ ಹಗುರವಾಗಿ ತಿದ್ದಿದರೆ ಸಾಕು. ದಪ್ಪ ಬಟ್ಟೆಗೆ ಕಾರ್ಬನ್ ಬೇಕು. ಅದೂ ಟೈಲರಿಂಗಿನ ಹಳದಿ ಅಥವಾ ಬಿಳಿ ಕಾರ್ಬನ್. ಬಿಲ್ ಬರೆಯುವ ಕಪ್ಪು ಕಾರ್ಬನ್ನಿನ ಮಸಿ ಒಗೆದರೂ ಜಪ್ಪಯ್ಯ ಎನ್ನುವುದಿಲ್ಲ. ತಿದ್ದಲು ಇಂಕು ಮುಗಿದ ರೀಫಿಲ್ ಒಳ್ಳೆಯದು, ಕಾಗದ ಹರಿಯುವುದಿಲ್ಲ.

ಆದರೆ ಒಂದೇ ಹೂವನ್ನು ಸೆರಗಿನುದ್ದಕ್ಕೂ ಹತ್ತಾರು ಸಲ ಇಳಿಸಬೇಕಾದರೆ ಹಳೆಯ ಚುಚ್ಚುವ ಪದ್ಧತಿಗೆ ಸಮನಾದದ್ದು ಇನ್ನೂ ಬಂದಿಲ್ಲ. ಬಟರ್ ಪೇಪರಿನ ಮೇಲೆ ಚಿತ್ರ ಬಿಡಿಸಿ, ಮಡಿಸಿದ ಕಂಬಳಿಯ ಮೇಲಿಟ್ಟು, ಗೆರೆಯುದ್ದಕ್ಕೂ ಒತ್ತೊತ್ತಾಗಿ ಸೂಜಿಯಿಂದ ಚುಚ್ಚುತ್ತಾರೆ. ಹೊಲಿಗೆ ಮಿಷನ್ ಇದ್ದವರು ದಾರ ತೆಗೆದು ಗೆರೆಯ ಮೇಲೆ ಓಡಿಸಿದರೂ ಆಯಿತು. ಹಿಂದೆ ಉಬ್ಬಿದ ಅಂಚನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದರೆ ತೂತುಗಳು ಬಾಯಿ ಬಿಡುತ್ತವೆ. ಸೀಮೆಎಣ್ಣೆಯಲ್ಲಿ ನೀಲಿ ಪುಡಿ ಕಲಸಿ, ಹತ್ತಿಯಲ್ಲಿ ಅದ್ದಿ ಹಿಂಡಿ, ಕಾಗದದ ಮೇಲೆ ಒರೆಸಿದರೆ ಕೆಳಗೆ ಚುಕ್ಕಿಗಳ ಸಾಲು ಮೂಡುತ್ತದೆ. ಕಡು ಬಣ್ಣದ ಬಟ್ಟೆಗೆ ನೀಲಿಯ ಬದಲು ಬಿಳಿ ಜಿಂಕ್ ಪುಡಿ. ಸೀಮೆಎಣ್ಣೆ ಆರಿಹೋಗುತ್ತದೆ, ಬಣ್ಣ ನಿಲ್ಲುತ್ತದೆ. ಹತ್ತಿ ತೊಯ್ದು ತೊಟ್ಟಿಕ್ಕುವಂತಿದ್ದರೆ ಮಾತ್ರ ನವಿಲಿನ ಜಾಗದಲ್ಲಿ ಕಲೆ ಉಳಿಯುತ್ತದೆ! ಎಡತೋಳು ಮುಗಿದ ಮೇಲೆ ಕಾಗದವನ್ನು ಒರೆಸಿ ಮಗುಚಿ ಹಾಕಿದರೆ ಬಲತೋಳಿಗೆ ನವಿಲು ಎದುರುಬದುರಾಗಿ ಕೂರುತ್ತದೆ. ಲಖನೌದ ಚಿಕನ್‌ಕಾರಿಯವರು ಚುಚ್ಚುವ ಗೋಜಿಗೇ ಹೋಗದೆ ಮರದ ಅಚ್ಚನ್ನು ನೀಲಿಯಲ್ಲಿ ಅದ್ದಿ ಬಟ್ಟೆಗೆ ಒತ್ತುತ್ತಾರೆ. ಕಸೂತಿ ಮುಗಿದ ಮೇಲೆ ಒಗೆತದಲ್ಲಿ ಆ ನೀಲಿ ಹೋಗುತ್ತದೆ.

ಈಚಿನ ಪೆನ್ನುಗಳ ಸ್ವಭಾವ ಬೇರೆ ಬೇರೆ. ನೀರಿನಲ್ಲಿ ಅಳಿಯುವ ನೀಲಿ ಪೆನ್ನಿನ ಗೆರೆಯನ್ನು ಮೊದಲು ತಣ್ಣೀರಿನಲ್ಲಿ ತೆಗೆಯಬೇಕು. ಅದರ ಮೇಲೆ ಇಸ್ತ್ರಿ ಆಡಿಸಿದರೆ ಗೆರೆ ಕಚ್ಚಿಕೊಳ್ಳಬಹುದು. ಬಿಸಿಗೆ ಅಳಿಯುವ ಪೆನ್ನಿನದು ತದ್ವಿರುದ್ಧ: ಇಸ್ತ್ರಿಗೆ ಮಾಯವಾಗುತ್ತದೆ, ಕೊರೆಯುವ ಚಳಿಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ತೆಂಗಿನ ಸೀಮೆಯಲ್ಲಿ ಅಂಥ ಚಳಿಯ ಭಯವಿಲ್ಲ ಅನ್ನಿ. ಯಾವುದೇ ಆಗಲಿ, ಬಟ್ಟೆಯ ಮೂಲೆಯಲ್ಲೊಂದು ಗೆರೆ ಎಳೆದು, ಅಳಿಸಿ ನೋಡಿಯೇ ಮುಂದುವರಿಯುವುದು ಕ್ಷೇಮ.

ಇಷ್ಟೆಲ್ಲ ಉಪಾಯಗಳಿದ್ದರೂ ಕರ್ನಾಟಕದ ಹೆಸರಾಂತ ಕಸೂತಿಗೆ ಇವ್ಯಾವುವೂ ಬೇಕಿಲ್ಲ. ಧಾರವಾಡ ಭಾಗದ ಹೆಂಗಸರು ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಇಳಕಲ್ ಸೀರೆಯ ಮೇಲೆ ಗೆರೆ ಎಳೆಯದೆ, ನೇಯ್ಗೆಯ ಎಳೆ ಎಣಿಸಿಯೇ ತೆಗೆಯುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯದು ಹೋಗಿ ಬರುವ ದಾರಿ. ಹೋಗುವಾಗ ಬಿಟ್ಟ ಖಾಲಿಯನ್ನು ಸೂಜಿ ಬರುವಾಗ ತುಂಬುವುದರಿಂದ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ರ ಕಾಣುತ್ತದೆ. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ.

ಎಳೆ ಎಣಿಸಲಾಗದ ನುಣುಪು ರೇಷ್ಮೆಯ ಮೇಲೆ ಇದನ್ನೇ ಹಾಕಬೇಕೆಂದರೆ, ಬಲೆಯಂಥ ಕ್ಯಾನ್ವಾಸ್ ತುಂಡನ್ನು ರೇಷ್ಮೆಗೆ ಕಚ್ಚಾ ಹೊಲಿಗೆಯಲ್ಲಿ ಕೂರಿಸಿ ಅದರ ಕಣ್ಣುಗಳನ್ನು ಎಣಿಸುತ್ತಾರೆ. ಕಸೂತಿ ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಇದಕ್ಕೆ ಕೆಲವರು ಚಿಮಟ ಬಳಸುವುದೂ ಉಂಟು.