ಆಲೂಗಡ್ಡೆ ಬೆಳೆಯ ರೋಗ ನಿಯಂತ್ರಣದಲ್ಲಿ ಉಪಕಾರಿ ಬ್ಯಾಕ್ಟೀರಿಯಾಗಳು

ಆಲೂಗಡ್ಡೆ ಬೆಳೆಗೆ ತಗಲುವ ರೋಗಗಳನ್ನು ತಡೆಯಲು ಮಣ್ಣಿನಲ್ಲಿ ಸಹಜವಾಗಿ ವಾಸಿಸುವ ಕೆಲವು ಬ್ಯಾಕ್ಟೀರಿಯಾಗಳನ್ನು ಬಳಸುವುದು ಜೈವಿಕ ನಿಯಂತ್ರಣದ ಒಂದು ವಿಧಾನವಾಗಿದೆ. ಸ್ಯೂಡೋಮೊನಾಸ್ ಫ್ಲೂರೆಸೆನ್ಸ್ ಹಾಗೂ ಬ್ಯಾಸಿಲಸ್ ಸಬ್ಟಿಲಿಸ್ ಇವುಗಳಲ್ಲಿ ಮುಖ್ಯವಾದವು.

ಅಗತ್ಯ

ಆಲೂಗಡ್ಡೆಯನ್ನು ಸಾಮಾನ್ಯವಾಗಿ ಗೆಡ್ಡೆಯಿಂದಲೇ ಬೆಳೆಸುವುದರಿಂದ, ಬಿತ್ತನೆ ಗೆಡ್ಡೆಯಲ್ಲಿ ಅಡಗಿದ ರೋಗಾಣು ನೇರವಾಗಿ ಹೊಲವನ್ನು ಸೇರುತ್ತದೆ. ರಾಲ್ಸ್ಟೋನಿಯಾ ಸೊಲನೇಸಿಯಾರಮ್‌ನಿಂದ ಬರುವ ಸೊರಗು ರೋಗವು ಇದಕ್ಕೆ ಉದಾಹರಣೆ. ಈ ರೋಗಾಣು ಗಿಡದ ನೀರು ಸಾಗಿಸುವ ನಾಳಗಳನ್ನು ಮುಚ್ಚಿಬಿಡುತ್ತದೆ. ಸೊರಗಿದ ಗಿಡವನ್ನು ಉಳಿಸಬಲ್ಲ ಔಷಧವಿಲ್ಲ. ಹೀಗಾಗಿ ರೋಗಾಣು ಬೇರನ್ನು ಹೊಗುವ ಮೊದಲೇ ತಡೆಯುವುದು ಅನಿವಾರ್ಯ.

ಕಾರ್ಯವಿಧಾನ

ಬೇರಿನ ಸುತ್ತಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಸೂಕ್ಷ್ಮಜೀವಿಗಳಿಗೆ ಅದು ಸುಲಭವಾಗಿ ದಕ್ಕುವುದಿಲ್ಲ. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಗಳು ಸೈಡರೊಫೋರ್ ಎಂಬ ವಸ್ತುವನ್ನು ಸ್ರವಿಸಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದು ಸಿಗದ ಎದುರಾಳಿಗಳ ಬೆಳವಣಿಗೆ ಕುಂಠಿತವಾಗುತ್ತದೆ. ಆಲೂಗಡ್ಡೆಯ ಮೇಲೂ ಪ್ರಯೋಗ ನಡೆಸಿದ ಜೋಸೆಫ್ ಕ್ಲೋಪರ್, ಮಿಲ್ಟನ್ ಶ್ರೋತ್ ಮತ್ತು ಸಹೋದ್ಯೋಗಿಗಳು ಈ ವಿವರಣೆಯನ್ನು 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮಂಡಿಸಿದರು.

ಪೈಪೋಟಿಯಷ್ಟೇ ಅಲ್ಲ, ನೇರ ದಾಳಿಯೂ ಉಂಟು. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ಸ್ ಕೇಂದ್ರದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗೆಡ್ಡೆಗಳಿಗೆ ಕಜ್ಜಿ ರೋಗ ತರುವ ಸ್ಟ್ರೆಪ್ಟೊಮೈಸಿಸ್ ಸ್ಕೇಬೀಸ್ ಅನ್ನು ಸ್ಯೂಡೋಮೊನಾಸ್‌ಗಳು ಹೈಡ್ರೋಜನ್ ಸಯನೈಡ್ ಮತ್ತು ಚಕ್ರೀಯ ಲಿಪೊಪೆಪ್ಟೈಡುಗಳಿಂದ ಹತ್ತಿಕ್ಕುತ್ತವೆ. ಒಂದೇ ಆಲೂಗಡ್ಡೆ ಹೊಲದ ಸ್ಯೂಡೋಮೊನಾಸ್‌ಗಳಲ್ಲಿಯೂ ಅಪಾರ ವೈವಿಧ್ಯ ಕಂಡುಬಂದಿತು. ಆದುದರಿಂದ ಪ್ರಭೇದದ ಹೆಸರೊಂದನ್ನೇ ನೋಡಿ ಅದರ ಶಕ್ತಿಯನ್ನು ಅಳೆಯುವಂತಿಲ್ಲ. ಯಾವ ತಳಿ ಎಂಬುದು ಮುಖ್ಯ. ಇವುಗಳಲ್ಲದೆ, ಕೆಲವು ಬ್ಯಾಕ್ಟೀರಿಯಾಗಳು ಗಿಡದ ಸ್ವಂತ ರೋಗನಿರೋಧಕ ವ್ಯವಸ್ಥೆಯನ್ನು ಪ್ರಚೋದಿಸುತ್ತವೆ.

ಬಳಕೆ ಮತ್ತು ಮಿತಿಗಳು

ಟಾಲ್ಕ್ ಪುಡಿಯಲ್ಲಿ ಅಥವಾ ದ್ರವರೂಪದಲ್ಲಿ ದೊರೆಯುವ ಬ್ಯಾಕ್ಟೀರಿಯಾಗಳನ್ನು ಬಿತ್ತನೆ ಗೆಡ್ಡೆಗಳಿಗೆ ಲೇಪಿಸುತ್ತಾರೆ, ಇಲ್ಲವೇ ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಮಣ್ಣಿಗೆ ಸೇರಿಸುತ್ತಾರೆ. ಬ್ಯಾಸಿಲಸ್ ಬೀಜಾಣುಗಳನ್ನು ರೂಪಿಸಿಕೊಂಡು ಬಿಸಿಲು, ಒಣಹವೆಗಳನ್ನು ತಾಳಿಕೊಳ್ಳುತ್ತದೆ. ಸ್ಯೂಡೋಮೊನಾಸ್‌ಗೆ ಆ ಸಾಮರ್ಥ್ಯವಿಲ್ಲದ ಕಾರಣ ಹಳೆಯ ಪೊಟ್ಟಣದಲ್ಲಿ ಜೀವಂತ ಕೋಶಗಳು ಬಹಳ ಕಡಿಮೆ ಉಳಿದಿರಬಹುದು. ತಾಮ್ರಯುಕ್ತ ಔಷಧಗಳೊಡನೆ ಬೆರೆಸಿದರೆ ಉಪಕಾರಿ ಜೀವಿಗಳೂ ಸಾಯುವ ಸಂಭವವಿದೆ.

ಪ್ರಯೋಗಾಲಯದ ತಟ್ಟೆಯಲ್ಲಿ ಕಾಣುವ ಯಶಸ್ಸು ಹೊಲದಲ್ಲಿ ಯಾವಾಗಲೂ ಕಾಣಸಿಗುವುದಿಲ್ಲ. ಮಣ್ಣಿನ ತೇವ, ಉಷ್ಣತೆ ಮತ್ತು ಅಲ್ಲಿ ಮೊದಲೇ ನೆಲೆಸಿರುವ ಜೀವಿಗಳು ಫಲಿತಾಂಶವನ್ನು ಬದಲಿಸುತ್ತವೆ. ಹಾಸನ ಜಿಲ್ಲೆಯಂತೆ ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುವ ಕಡೆ ಅಂಗಮಾರಿ ರೋಗವು ಎಲೆಗಳ ಮೂಲಕ ಕೆಲವೇ ದಿನಗಳಲ್ಲಿ ಹರಡಬಲ್ಲದು. ಗೆಡ್ಡೆಗೆ ಲೇಪಿಸಿದ ಬ್ಯಾಕ್ಟೀರಿಯಾಗಳಿಂದಷ್ಟೇ ಅದನ್ನು ತಡೆಯಲಾಗದು. ಅಲ್ಲಿ ಆರೋಗ್ಯವಂತ ಬಿತ್ತನೆ ಗೆಡ್ಡೆ, ಬೆಳೆ ಪರಿವರ್ತನೆ ಮತ್ತು ಸಕಾಲದ ಶಿಲೀಂಧ್ರನಾಶಕ ಸಿಂಪಡಣೆಯ ಜೊತೆಗೆ ಇವು ಪೂರಕ ಕ್ರಮವಾಗಿ ಮಾತ್ರ ಸಲ್ಲುತ್ತವೆ.